ಕಾಣದ ಕೊಬ್ಬು, ಕಾಣಿಸುವ ಬಣ್ಣ

ಯಕೃತ್ತಿನಲ್ಲಿ ಕೊಬ್ಬು ಸೇರುವುದು ಕುಡುಕರಿಗೆ ಮಾತ್ರ ಬರತಕ್ಕ ವ್ಯಾಧಿಯೆಂಬ ಭಾವನೆಯು ನಮ್ಮ ಪಟ್ಟಣಗಳಲ್ಲಿ ಇನ್ನೂ ಬಲವಾಗಿದೆ. ಮದ್ಯವನ್ನು ಮುಟ್ಟದ ಗುಮಾಸ್ತರನ್ನೂ ಉಪಾಧ್ಯಾಯರನ್ನೂ ಅದು ಬಿಡುವುದಿಲ್ಲ. ಇದನ್ನರಿತೇ ಭಾರತ ಸರಕಾರವು 2021ರಲ್ಲಿ ಮದ್ಯಪಾನದಿಂದಲ್ಲದ ಈ ರೋಗವನ್ನು ಸಾಂಕ್ರಾಮಿಕವಲ್ಲದ ವ್ಯಾಧಿಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು. ರೋಗವು ಲೆಕ್ಕಕ್ಕೆ ಬಂದುದಾಯಿತು. ಅದು ಕಣ್ಣಿಗೆ ಬೀಳುವ ಬಗೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಜೀವಕೋಶದೊಳಗೆ ಕೊಬ್ಬು ಹನಿಹನಿಯಾಗಿ ನಿಲ್ಲುತ್ತದೆ. ಹನಿಯ ಒಡಲಲ್ಲಿ ಟ್ರೈಗ್ಲಿಸರೈಡ್ ಮುಂತಾದ ಕೊಬ್ಬುಗಳು. ಸುತ್ತಲೂ ಫಾಸ್ಫೋಲಿಪಿಡ್ಡಿನ ಒಂದೇ ಪದರದ ಹೊದಿಕೆ. ಇವು ಕೋಶದ ಉಗ್ರಾಣಗಳು. ಇದ್ದ ಮಾತ್ರಕ್ಕೆ ರೋಗವಲ್ಲ. ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ 5 ಅಥವಾ ಅದಕ್ಕೆ ಮೇಲ್ಪಟ್ಟು ಇಂತಹ ಹನಿಗಳಿಂದ ತುಂಬಿದಾಗ ವೈದ್ಯರು ಎಚ್ಚರಗೊಳ್ಳುತ್ತಾರೆ.

ಆದರೆ ಅಂಗಾಂಶವನ್ನು ವಾಡಿಕೆಯಂತೆ ಮೇಣದಲ್ಲಿ ಕೂರಿಸುವಾಗ ಮದ್ಯಸಾರವೂ ಕ್ಸೈಲೀನೂ ಕೊಬ್ಬನ್ನು ಕರಗಿಸಿಬಿಡುತ್ತವೆ. ಉಳಿಯುವುದು ಬರಿಯ ಪೊಳ್ಳು. ಕಳ್ಳನು ಹೋದ ಮೇಲೆ ಹೆಜ್ಜೆಯ ಗುರುತನ್ನು ಅಳೆದಂತಾಯಿತು. ದೊಡ್ಡ ಹನಿಯ ಗುರುತು ಸಿಕ್ಕೀತು, ಸಣ್ಣದು ತಪ್ಪಿಹೋದೀತು. ಹೆಪ್ಪುಗಟ್ಟಿಸಿ ಕೊಯ್ದ ತುಣುಕಿನಲ್ಲಿಯಾದರೋ ಕೊಬ್ಬು ಉಳಿಯುತ್ತದೆ.

ಅಲ್ಲಿ ನೆರವಾಗುವುದು ಪ್ರತಿದೀಪ್ತಿ. ಒಂದು ಬಣ್ಣದ ಬೆಳಕನ್ನು ಹೀರಿ ಮತ್ತೊಂದು ಬಣ್ಣದ ಬೆಳಕನ್ನು ಸೂಸುವ ಈ ಗುಣವನ್ನು 1852ರಲ್ಲಿ ಸ್ಟೋಕ್ಸ್ ಮಹಾಶಯರು ವಿವರಿಸಿದರು. 1985ರಲ್ಲಿ ಅಮೆರಿಕದ ಗ್ರೀನ್‌ಸ್ಪ್ಯಾನ್, ಮೇಯರ್, ಫೌಲರ್ ಎಂಬವರು ನೈಲ್ ರೆಡ್ ಎಂಬ ಬಣ್ಣವು ಕೋಶದ ಕೊಬ್ಬಿನ ಹನಿಗಳನ್ನು ಆರಿಸಿ ಬೆಳಗಿಸುವುದೆಂದು ತೋರಿಸಿದರು. ನೀರಿನಲ್ಲಿ ಅದು ಮಂಕು, ಕೊಬ್ಬಿನಲ್ಲಿ ಉಜ್ವಲ. ಆದರೂ ಅದು ಕೋಶದ ಪೊರೆಗಳಿಗೂ ಅಂಟಿ ನೋಡುವವರನ್ನು ಮೋಸಗೊಳಿಸಬಲ್ಲುದು. ಆದುದರಿಂದಲೇ ಬಾಡಿಪಿ ಮೊದಲಾದ ಬಣ್ಣಗಳೂ ಬಳಕೆಗೆ ಬಂದವು.

ಇಷ್ಟರಿಂದ ರೋಗಿಯ ಕಷ್ಟವು ತೀರಿತೆಂದು ನಾವು ಹೇಳುವುದಿಲ್ಲ. ಕಣ್ಣಿಗೆ ಕಾಣುವ ಬೆಳಕು ದೇಹದೊಳಗೆ ಆಳಕ್ಕಿಳಿಯದು. ಈ ಬಣ್ಣಗಳು ಪ್ರಯೋಗಶಾಲೆಯ ಮೇಜಿಗೆ ಸೇರಿದವುಗಳೇ ಹೊರತು ರೋಗಿಯ ಹಾಸಿಗೆಗಲ್ಲ. ಆದರೆ ಔಷಧದ ಶೋಧನೆಯಲ್ಲಿ ಇವುಗಳ ಸಾಕ್ಷ್ಯಕ್ಕೆ ಬೆಲೆಯುಂಟು. ಈ ರೋಗದ ಉಲ್ಬಣಾವಸ್ಥೆಗೆ ಅಮೆರಿಕವು ಮೊದಲ ಔಷಧಕ್ಕೆ ಒಪ್ಪಿಗೆಯಿತ್ತುದು 2024ರ ಮಾರ್ಚಿಯಲ್ಲಿ. ಮುಂದಿನ ಔಷಧವು ಹನಿಯನ್ನು ನಿಜವಾಗಿ ಕರಗಿಸಿತೋ ಇಲ್ಲವೋ ಎಂಬುದನ್ನು ಕೋಶದಲ್ಲೇ ನೋಡಿ ಹೇಳಬೇಕಾಗುತ್ತದೆ.

ನಮ್ಮ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಪೊಳ್ಳನ್ನೆಣಿಸುವುದರಲ್ಲಿಯೇ ತೃಪ್ತರಾಗದೆ, ಕೊಬ್ಬನ್ನೇ ಕಾಣುವ ಈ ವಿದ್ಯೆಯಲ್ಲಿಯೂ ಪಳಗಬೇಕು. ಅದಕ್ಕೆ ತಕ್ಕ ಸಲಕರಣೆಯನ್ನೊದಗಿಸುವುದು ಅಧಿಕಾರಿಗಳ ಕರ್ತವ್ಯ. ಕುಡಿಯದ ರೋಗಿಯನ್ನು ಕುಡುಕನೆಂದು ಶಂಕಿಸದಿರುವುದು ನಮ್ಮೆಲ್ಲರ ಕರ್ತವ್ಯ.