ಅಗೆಯದೆ ಉಳಿಸಿದ ಅದಿರು

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಸಾಗುವ ರಸ್ತೆಯಲ್ಲಿ, ಗಾಜನೂರನ್ನು ದಾಟಿದ ಸ್ವಲ್ಪ ದೂರದಲ್ಲಿ ಸಕ್ರೆಬೈಲು ಎದುರಾಗುತ್ತದೆ. ಅಲ್ಲಿಯ ಬಿಡಾರದ ಆನೆಗಳು ಬೆಳಗಿನ ಹೊತ್ತು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಆ ನೀರು ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಅಲ್ಲಿಯೇ ಹುಟ್ಟುವ ಭದ್ರೆಯು ಬೇರೆ ದಾರಿ ಹಿಡಿದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿರುವ ಊರನ್ನು ಹಾದು, ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಎರಡು ಹೊಳೆಗಳ ತವರಾದ ಆ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರು ಅಪಾರವಾಗಿದೆ. ಆದರೂ ಅಲ್ಲಿ ಈಗ ಗಣಿಗಾರಿಕೆಯಿಲ್ಲ. ಇರುವ ಸಂಪತ್ತನ್ನು ಮುಟ್ಟದೆ ಬಿಡುವುದು ಏಕೆ, ಮುಟ್ಟದಂತೆ ಕಾಯುವುದು ಹೇಗೆ ಎಂಬುದನ್ನು ವಿಚಾರಿಸೋಣ.

ಕಾಡನ್ನು ಕಡಿದರೆ ಮತ್ತೆ ಬೆಳೆಸಬಹುದು. ಕೆರೆ ಬತ್ತಿದರೆ ಮುಂದಿನ ಮಳೆಗೆ ತುಂಬೀತು. ಅದಿರಿಗೆ ಅಂಥ ಭಾಗ್ಯವಿಲ್ಲ. ಬಾಬಾಬುಡನ್ ಬೆಟ್ಟಗಳ ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಆಗಿನ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವು ತಳಕ್ಕೆ ಇಳಿದು ಪದರಪದರವಾಗಿ ನಿಂತಿತು. ಎಡೆಯೆಡೆಯಲ್ಲಿ ಸಿಲಿಕದ ಪದರಗಳೂ ಕೂಡಿಕೊಂಡವು. ಮುಂದೆ ಆ ಶಿಲೆ ಮೇಲೆದ್ದು, ಗಾಳಿಮಳೆಗೆ ಸಿಕ್ಕಿ, ಸಿಲಿಕ ತೊಳೆದುಹೋದ ಕಡೆಗಳಲ್ಲಿ ಶ್ರೇಷ್ಠವಾದ ಹೆಮಟೈಟ್ ಅದಿರು ಉಳಿಯಿತು. ಇಷ್ಟು ದೀರ್ಘಕಾಲದ ಕೆಲಸವನ್ನು ಯಂತ್ರಗಳು ಒಂದು ಮಧ್ಯಾಹ್ನದಲ್ಲಿ ಲಾರಿಗೆ ತುಂಬಿಬಿಡಬಲ್ಲವು.

ಹಿಂದಿನ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದುದು 1894ರಲ್ಲಿ. ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಹಗ್ಗದ ದಾರಿಯಲ್ಲಿ ತೊಟ್ಟಿಗಳ ಮೂಲಕ ಇಳಿದು ಬರುತ್ತಿತ್ತು. ಕಲ್ಲಿದ್ದಲಿಲ್ಲದ ನಾಡಾದುದರಿಂದ ಮಲೆನಾಡಿನ ಮರವನ್ನೇ ಸುಟ್ಟು ಇದ್ದಿಲು ಮಾಡಿದರು. ಕಬ್ಬಿಣದ ಬೆಲೆಯಲ್ಲಿ ಕಾಡಿನ ಬೆಲೆಯೂ ಸೇರಿತ್ತೆಂಬುದನ್ನು ಆಗ ಎಷ್ಟು ಜನ ಲೆಕ್ಕ ಹಾಕಿದರೋ!

ಖನಿಜವುಳ್ಳ ನೆಲವನ್ನು ಅರ್ಜಿದಾರರ ಕೈಗೆ ಸಿಗದಂತೆ ಸರಕಾರವೇ ತೆಗೆದಿಡುವುದಕ್ಕೆ ‘ಕಾದಿರಿಸುವಿಕೆ’ ಎನ್ನುವರು. ಇದರ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಅಲ್ಲಿ ಸರಕಾರಿ ಭೂಮಿಯಲ್ಲಿ ಯಾರು ಮೊದಲು ಖನಿಜವನ್ನು ಕಂಡು ಗೂಟ ನೆಡುವರೋ ಅವರಿಗೇ ಅದರ ಹಕ್ಕು ಎಂಬ ಕಾಯಿದೆ 1872ರಿಂದ ಇತ್ತು. ಕ್ಯಾಲಿಫೋರ್ನಿಯದ ಎಣ್ಣೆಯ ನೆಲ ಹೀಗೆ ಬೇಗಬೇಗನೆ ಖಾಸಗಿಯವರ ಪಾಲಾಗುತ್ತಿರಲು, ಇಂದು ಬಿಟ್ಟಿಯಾಗಿ ಕೊಟ್ಟ ಎಣ್ಣೆಯನ್ನೇ ನಾಳೆ ನೌಕಾಪಡೆಗಾಗಿ ಕ್ರಯಕ್ಕೆ ಕೊಳ್ಳಬೇಕಾದೀತೆಂದು ಅಲ್ಲಿಯ ಭೂವಿಜ್ಞಾನಿಗಳು ಎಚ್ಚರಿಸಿದರು. 1909ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ಯಾಫ್ಟ್ ಅವರು 30 ಲಕ್ಷ ಎಕರೆಗೂ ಮಿಕ್ಕ ಭೂಮಿಯನ್ನು ಒಮ್ಮೆಲೇ ಹಿಂತೆಗೆದುಕೊಂಡರು. ಅಧ್ಯಕ್ಷರಿಗೆ ಈ ಅಧಿಕಾರವುಂಟೇ ಎಂಬ ವ್ಯಾಜ್ಯ ಹುಟ್ಟಿತು; ಉಂಟೆಂದು 1915ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ನಮ್ಮಲ್ಲಿ ಗೂಟ ನೆಡುವ ಪದ್ಧತಿ ಇಲ್ಲ. ಆದರೆ 1957ರ ಗಣಿ ಮತ್ತು ಖನಿಜಗಳ ಕಾಯಿದೆಯಲ್ಲಿ ಮೊದಲು ಅರ್ಜಿ ಹಾಕಿದವನಿಗೆ ಆದ್ಯತೆಯಿತ್ತು. ಹರಾಜಿನ ಕ್ರಮ ಬಂದುದು 2015ರಲ್ಲಿ. ಸರದಿಯಲ್ಲಿ ಮುಂದೆ ನಿಂತವನೇ ಯೋಗ್ಯನೆಂದು ತಿಳಿಯುವ ಈ ನಿಯಮ ಸಿನಿಮಾ ಟಿಕೆಟಿಗೆ ಸಾಕಾದೀತು, ಬೆಟ್ಟಕ್ಕೆ ಸಾಲದು. ಅದೇ ಕಾಯಿದೆಗೆ 1987ರಲ್ಲಿ ಜಾರಿಗೆ ಬಂದ 17ಎ ಎಂಬ ಕಲಮಿನಂತೆ, ಗುತ್ತಿಗೆಗೆ ಹೋಗದಿರುವ ಯಾವುದೇ ಪ್ರದೇಶವನ್ನು ಖನಿಜ ಸಂರಕ್ಷಣೆಗಾಗಿ ಕೇಂದ್ರ ಸರಕಾರವು ರಾಜ್ಯದೊಡನೆ ಸಮಾಲೋಚಿಸಿ ಕಾದಿರಿಸಬಹುದು. ಸರಕಾರಿ ಕಂಪೆನಿಗಳಿಗಾಗಿ ರಾಜ್ಯವೂ ಕೇಂದ್ರದ ಒಪ್ಪಿಗೆ ಪಡೆದು ಕಾದಿರಿಸಬಹುದು.

ಆದರೆ ಲೇಖನಿಯಿಂದ ಹಾಕಿದ ಬೇಲಿಯನ್ನು ಲೇಖನಿಯೇ ಕೀಳಬಲ್ಲುದು. ಕರ್ನಾಟಕದಲ್ಲಿ ರಾಜ್ಯದ ಉಪಯೋಗಕ್ಕೆಂದು ಇರಿಸಿದ್ದ ಸುಮಾರು 11,620 ಚದರ ಕಿಲೋಮೀಟರು ಪ್ರದೇಶವನ್ನು 2003ರ ಮಾರ್ಚ್ 15ರ ಅಧಿಸೂಚನೆಯು ಖಾಸಗಿ ಗಣಿಗಾರಿಕೆಗೆ ತೆರೆಯಿತು. ಅದೇ ಸುಮಾರಿಗೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರತೊಡಗಿತ್ತು. ಮುಂದೆ ಬಳ್ಳಾರಿಯಲ್ಲಿ ನಡೆದುದನ್ನು ಲೋಕಾಯುಕ್ತರು 2008 ಮತ್ತು 2011ರ ವರದಿಗಳಲ್ಲಿ ವಿವರಿಸಿರುವರು. ಬೆಲೆ ಏರಿದಾಗ ಆತುರಗಾರನು ಶ್ರೇಷ್ಠವಾದ ಅದಿರನ್ನು ಮಾತ್ರ ಆರಿಸಿ ಸಾಗಿಸುತ್ತಾನೆ. ಕೆಳದರ್ಜೆಯದನ್ನು ಮಣ್ಣಿನೊಡನೆ ಬೆರೆಸಿ ಇಳಿಜಾರಿಗೆ ಸುರಿಯುತ್ತಾನೆ. ಆ ಗುಡ್ಡೆಯೂ ನಷ್ಟವೇ ಸರಿ. ಏಕೆಂದರೆ ‘ಕಸ’ವೆಂಬುದಕ್ಕೆ ಶಾಶ್ವತವಾದ ಅರ್ಥವಿಲ್ಲ: ಹೆಮಟೈಟ್ ಅದಿರೆಂದು ಎಣಿಸಲು ಹಿಂದೆ ನೂರಕ್ಕೆ 55 ಭಾಗ ಕಬ್ಬಿಣ ಬೇಕಾಗಿದ್ದರೆ, 2009ರಲ್ಲಿ ಭಾರತೀಯ ಗಣಿ ಕಾರ್ಯಾಲಯವು ಅದನ್ನು 45ಕ್ಕೆ ಇಳಿಸಿತು. ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು 2011ರ ಜುಲೈಯಲ್ಲಿ ನಿಲ್ಲಿಸಿತು. 2013ರಲ್ಲಿ ಮತ್ತೆ ಬಿಟ್ಟಾಗ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಒಟ್ಟು ವರ್ಷಕ್ಕೆ 3 ಕೋಟಿ ಟನ್ನಿನ ಮಿತಿಯನ್ನು ಹಾಕಿತು. 2022ರಲ್ಲಿ ಮಿತಿಯು 5 ಕೋಟಿಗೆ ಏರಿದೆ. ನಮಗೆ ತೋರುವಂತೆ, ಎಷ್ಟು ಅಗೆಯಬಹುದೆಂಬ ಅಂಕೆಯನ್ನು ಭೂವಿಜ್ಞಾನಿ ಹೇಳಬೇಕಾದ ಮೊದಲೇ ನ್ಯಾಯಾಧೀಶರು ಹೇಳಬೇಕಾಗಿ ಬಂದುದು ವಿಷಾದಕರ.

ಕುದುರೆಮುಖದ ಕಥೆ ಇದಕ್ಕಿಂತ ಭಿನ್ನ. ಅಲ್ಲಿಯ ಅದಿರು ಮ್ಯಾಗ್ನಟೈಟ್. ಕಬ್ಬಿಣದ ಅಂಶ ನೂರಕ್ಕೆ 38ರಷ್ಟು ಮಾತ್ರ. ಅದನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ಸೆಳೆದು, ನೀರಿನೊಡನೆ ಕಲಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಅರೆದುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೆಸರಾಗಿ ಲಕ್ಯಾ ಅಣೆಕಟ್ಟೆಯ ಹಿಂದೆ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಬೋಳುಬೆಟ್ಟದ ಮಣ್ಣು ಭದ್ರೆಗೆ ಇಳಿಯುವುದನ್ನು ಯಾವ ಕಟ್ಟೆಯೂ ಪೂರ್ತಿಯಾಗಿ ತಡೆಯಲಾರದು. ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರು ಮುಗಿದು ನಿಂತ ಗಣಿಯಲ್ಲ ಅದು. ಇಲ್ಲಿ ಕಾದಿರಿಸಿದುದು ಕಾಡನ್ನು, ಹೊಳೆಯನ್ನು. ಅದಿರು ಅವುಗಳ ನೆರಳಿನಲ್ಲಿ ಉಳಿದುಕೊಂಡಿತು.

ಇದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಗಣಿಯನ್ನು ನಂಬಿ ಎದ್ದ ಕುದುರೆಮುಖದ ಊರು ಬಹುಮಟ್ಟಿಗೆ ಖಾಲಿಯಾಯಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಭದ್ರಾವತಿಯ ಕಾರ್ಖಾನೆಗೆ ಹತ್ತಿರದ ಬೆಟ್ಟದ ಅದಿರು ದೊರೆಯದೆ ಹೋದುದು ಅದರ ಕಷ್ಟಗಳಲ್ಲಿ ಒಂದು. ಕೆಮ್ಮಣ್ಣುಗುಂಡಿಗೆ ಈಗ ಜನ ಹೋಗುವುದು ಹೂದೋಟವನ್ನೂ ಮಂಜನ್ನೂ ನೋಡಲು. ಅದಿರಿನ ತೊಟ್ಟಿಗಳು ಅಲ್ಲಿಂದ ಇಳಿಯುವುದಿಲ್ಲ.