ಸುದ್ದಿಗೆ ಹೊಣೆ ಯಾರು?



ಹಿಂದೆ ಊರಿನ ಸಮಾಚಾರ ಪತ್ರಿಕೆಯಲ್ಲಿ ಬರಬೇಕಾದರೆ ಬಾತ್ಮೀದಾರರು ಬರೆದು ಕಳುಹಿಸಬೇಕಾಗಿತ್ತು. ಸಂಪಾದಕರು ಅದನ್ನು ವಿಚಾರಿಸಿ, ತಿದ್ದಿ ಅಚ್ಚಿಗೆ ಕೊಡುತ್ತಿದ್ದರು. ಈಗ ಮೊಬೈಲ್ ಫೋನ್ ಉಳ್ಳವರು ಯಾರೇ ಆಗಲಿ, ಕಂಡದ್ದನ್ನು ಚಿತ್ರಸಹಿತ ಅಂತರ್ಜಾಲದ ಸುದ್ದಿತಾಣಗಳಿಗೆ ಕಳುಹಿಸಬಹುದು. ಇದಕ್ಕೆ ನಾಗರಿಕ ಪತ್ರಿಕೋದ್ಯಮವೆಂದು ಹೆಸರು. ಕೆಟ್ಟ ಕೊಳವೆಬಾವಿ, ಕಿತ್ತುಹೋದ ರಸ್ತೆ, ಬಾರದ ಬಸ್ಸು ಇವೆಲ್ಲ ಅಧಿಕಾರಿಗಳ ಗಮನಕ್ಕೆ ಬರಲು ಇದರಿಂದ ಅನುಕೂಲವುಂಟು. ಆದರೆ ಅಪಾಯವೂ ಉಂಟು.

ಇಂಥ ಹಲವು ತಾಣಗಳಲ್ಲಿ ಸುದ್ದಿ ಮೊದಲು ಪ್ರಕಟವಾಗುತ್ತದೆ. ಪರಿಶೀಲನೆ ಏನಿದ್ದರೂ ಆಮೇಲೆ. ಬರೆದವರು ಯಾರೆಂಬುದೂ ಓದುವವರಿಗೆ ತಿಳಿಯದು. 2008ರ ಅಕ್ಟೋಬರ್ 3ರಂದು ಅಮೆರಿಕದ ಸಿ.ಎನ್.ಎನ್. ಸಂಸ್ಥೆಯ 'ಐರಿಪೋರ್ಟ್' ತಾಣದಲ್ಲಿ, ಆಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರಿಗೆ ಹೃದಯಾಘಾತವಾಗಿದೆಯೆಂದು ಯಾರೋ ಬರೆದರು. ಅದು ಶುದ್ಧ ಸುಳ್ಳು. ಅದನ್ನು ತೆಗೆದುಹಾಕುವಷ್ಟರಲ್ಲಿ ಕಂಪನಿಯ ಷೇರಿನ ಬೆಲೆ ಕುಸಿದಿತ್ತು.

ನಮ್ಮ ರಾಜ್ಯದಲ್ಲಿ ಇಂಥ ಸುಳ್ಳಿಗೆ ಜೀವವೇ ಹೋಗಿದೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ತಡೆದು ಹೊಡೆದರು. ಹೈದರಾಬಾದಿನ ತರುಣನೊಬ್ಬ ಪ್ರಾಣ ಬಿಟ್ಟ. ಸುದ್ದಿತಾಣವಾಗಲಿ, ವಾಟ್ಸಾಪ್ ಗುಂಪಾಗಲಿ, ದೋಷ ಒಂದೇ: ವಿಚಾರಿಸುವವರಿಲ್ಲ.

ನಮ್ಮ ಸೀಮೆಯನ್ನೇ ನೋಡಿರಿ. ನಾಳೆ ಕೊಬ್ಬರಿ ಧಾರಣೆ ಬೀಳುತ್ತದೆಂದು ಯಾರೋ ಬರೆದರೆ, ಅರಸೀಕೆರೆಯ ರೈತ ಹೆದರಿ ಸಿಕ್ಕಿದ ಬೆಲೆಗೆ ಮಾರಿಯಾನು. ಬೇಲೂರಿನ ಕಡೆ ಹಳೆಯ ಕಾಡಾನೆ ಚಿತ್ರವನ್ನು ಇಂದಿನದೆಂದು ಹಾಕಿದರೆ, ಕಾಫಿ ತೋಟದ ಕೂಲಿಯವರು ಒಂದು ದಿನದ ಸಂಬಳ ಕಳೆದುಕೊಳ್ಳುತ್ತಾರೆ. ಎರಡು ಸಲ ಹೀಗಾದರೆ, ಆನೆ ನಿಜವಾಗಿ ಬಂದ ದಿನ ಯಾರೂ ನಂಬುವುದಿಲ್ಲ.

ಆದ್ದರಿಂದ ಸುದ್ದಿ ಕಳುಹಿಸುವ ಮುನ್ನ ಹೀಗೆ ಮಾಡಿರಿ:

1. ಕಣ್ಣಾರೆ ಕಂಡದ್ದೋ, ಕೇಳಿದ್ದೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.
2. ಊರು, ತಾರೀಖು, ಹೊತ್ತು ತಪ್ಪದೆ ನಮೂದಿಸಿರಿ. ಚಿತ್ರ ಯಾವಾಗ ತೆಗೆದದ್ದೆಂದು ತಿಳಿಸಿರಿ.
3. ಧಾರಣೆಯನ್ನು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಲ್ಲಿ, ಆನೆಯ ಸಂಗತಿಯನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ.
4. ಒಬ್ಬರ ಮೇಲೆ ಆಪಾದನೆಯಿದ್ದರೆ ಅವರ ಮಾತನ್ನೂ ಕೇಳಿರಿ.
5. ತಪ್ಪಾಗಿದ್ದರೆ ಒಡನೆ ತಿದ್ದಿ ತಿಳಿಸಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿಲ್ಲವೆ?

ಕಡೆಯದಾಗಿ, ಹೆಸರು ಹಾಕಿರಿ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಬರೆದಿದ್ದಾರೆ. ಹಳೇಬೀಡಿನಲ್ಲೂ ಶಿಲ್ಪಿಗಳ ಹೆಸರುಗಳಿವೆ. ಒಂಬೈನೂರು ವರ್ಷಗಳ ಬಳಿಕವೂ ಈ ಕೆಲಸ ಯಾರದೆಂದು ಕೇಳಿದರೆ ಉತ್ತರ ಸಿಗುತ್ತದೆ. ನಾವು ಕಳುಹಿಸುವ ನಾಲ್ಕು ಸಾಲಿಗೂ ಅಂಥ ಹೊಣೆ ಇರಲಿ.