ಪಕ್ಕದವರ ಮಹಡಿ, ನಮ್ಮ ಕಿಟಕಿ

ಪಕ್ಕದ ಸೈಟಿನ ಮುಂದೆ ಜಲ್ಲಿ, ಎಂ-ಸ್ಯಾಂಡ್ ಬಂದು ಬಿತ್ತೆಂದರೆ ಬೀದಿಯವರೆಲ್ಲ ವಕೀಲರಾಗುತ್ತಾರೆ. ‘ನಮ್ಮ ಸಹಿ ಇಲ್ದೆ ಅವ್ರು ಮೇಲೆ ಏರಿಸೋಕಾಗಲ್ಲ ಬಿಡಿ’ ಎಂಬುದು ಮೊದಲ ತೀರ್ಪು. ಅದು ತಪ್ಪು. ತಮ್ಮ ಸೈಟಿನೊಳಗೆ, ಮಂಜೂರಾದ ನಕ್ಷೆಯಂತೆ ಕಟ್ಟುವವರಿಗೆ ಸಾಮಾನ್ಯವಾಗಿ ನೆರೆಯವರ ಒಪ್ಪಿಗೆ ಬೇಕಿಲ್ಲ. ನಡುಗೋಡೆ ಇಬ್ಬರದೂ ಆಗಿದ್ದರೆ ಮಾತು ಬೇರೆ. ನಾವು ಕೇಳಬೇಕಾದ್ದು ನಕ್ಷೆಯನ್ನು: ಸೆಟ್‌ಬ್ಯಾಕ್ ಎಷ್ಟು, ಮಹಡಿ ಎಷ್ಟು? ಅವರು ತೋರಿಸದಿದ್ದರೆ 10 ರೂಪಾಯಿ ಕಟ್ಟಿ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನದ ಗಡುವಿದೆ. ಅಷ್ಟರಲ್ಲಿ ಮೋಲ್ಡೇ ಮುಗಿದಿರಬಹುದು. ಹಾಗಾಗಿ ಪಾಯ ತೋಡುವಾಗಲೇ ಕೇಳಿ.

ಎರಡನೆಯ ನಂಬಿಕೆ ಬೆಳಕಿನದು: ‘20 ವರ್ಷದಿಂದ ಬರೋ ಬಿಸಿಲು, ಅಡ್ಡ ಗೋಡೆ ಕಟ್ಟಂಗಿಲ್ಲ.’ ಇದರಲ್ಲಿ ಅರ್ಧ ನಿಜವಿದೆ. 1882ರ ಸರಾಗತೆಗಳ ಕಾಯ್ದೆಯ ಪ್ರಕಾರ, ತಂಟೆ ತಕರಾರಿಲ್ಲದೆ, ಅಡೆತಡೆಯಿಲ್ಲದೆ 20 ವರ್ಷ ಗಾಳಿ ಬೆಳಕು ಪಡೆದ ಕಟ್ಟಡಕ್ಕೆ ಅದರ ಹಕ್ಕು ಹುಟ್ಟಬಹುದು. ಆದರೆ ಹಕ್ಕು ಕಟ್ಟಡಕ್ಕೆ ಮಾತ್ರ. ಹಪ್ಪಳ ಒಣಗಿಸುವ ಅಂಗಳಕ್ಕೂ ತುಳಸಿಕಟ್ಟೆಯ ಬಿಸಿಲಿಗೂ ಎಷ್ಟು ವರ್ಷವಾದರೂ ಅದು ಸಿಗದು. ಕೋಣೆ ಮೊದಲಿಗಿಂತ ಒಂದಿಷ್ಟು ಮಬ್ಬಾಯಿತೆಂದರೂ ಸಾಲದು, ತೊಂದರೆ ಗಣನೀಯವಾಗಿರಬೇಕು. ಕಿಟಕಿ ಮುಚ್ಚಿಹೋದ ಮೇಲೆ ‘ನೋಡೋಣ, ನೋಡೋಣ’ ಎಂದು 2 ವರ್ಷ ಕಳೆದವರಿಗೆ ಆ ಹಳೆಯ 20 ವರ್ಷದ ಲೆಕ್ಕ ಕೈಹಿಡಿಯುವುದಿಲ್ಲ. ಮುಖ ನೋಡಿಕೊಂಡು ಬಾಳಬೇಕಲ್ಲ ಎಂಬ ನಮ್ಮ ದಾಕ್ಷಿಣ್ಯವನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಟ್ಟುವವರ ಕಡೆಯೂ ಭ್ರಮೆಗಳಿಗೆ ಬರವಿಲ್ಲ. ‘ಖಾತಾ ಇದೆ, ಕಂದಾಯ ಕಟ್ತೀವಿ, ಹೆಚ್ಚುಕಮ್ಮಿಯಾದ್ರೆ ಅಕ್ರಮ-ಸಕ್ರಮ ಇದೆಯಲ್ಲ’ ಅನ್ನುತ್ತಾರೆ. ತೆರಿಗೆ ರಸೀದಿಯಿಂದ ಸೆಟ್‌ಬ್ಯಾಕ್ ನುಂಗಿದ ಗೋಡೆ ಸಕ್ರಮವಾಗದು. ಇನ್ನು ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು.

‘ಮೋಲ್ಡ್ ಶುರುವಾದ್ಮೇಲೆ ರಾತ್ರಿ ಎಷ್ಟೊತ್ತಾದ್ರೂ ನಿಲ್ಲಿಸಂಗಿಲ್ಲ ಸಾರ್’ ಎನ್ನುವುದು ಮೇಸ್ತ್ರಿಯ ವಾದ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಓಡಿಸುವಂತಿಲ್ಲ. ಮಿಕ್ಸರನ್ನು ಬೆಳಗ್ಗೆ ಬೇಗ ತರಿಸಲಿ.

ಇನ್ನು ಪಾಯ. ‘ನನ್ನ ಮಣ್ಣು, ಎಷ್ಟು ಆಳ ಬೇಕಾದ್ರೂ ಅಗೀತೀನಿ’ ಎಂಬ ಮಾತು ನಿಲ್ಲುವುದಿಲ್ಲ. ಪಕ್ಕದ ನೆಲಕ್ಕೆ ಸಹಜವಾಗಿ ಸಿಗುವ ಆಸರೆಯನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನಮ್ಮ ಮನೆಯ ಭಾರಕ್ಕೂ ಅದೇ ಆಸರೆ ಬೇಕೆಂದರೆ ಇಲ್ಲೂ ಆ 20 ವರ್ಷದ ಲೆಕ್ಕ ಬರುತ್ತದೆ. ಹೊಸ ಮನೆಯವರಿಗೆ ಉಳಿಯುವುದು, ಅಜಾಗರೂಕತೆಯಿಂದ ಅಗೆದು ಗೋಡೆ ಸೀಳಿದರೆಂದು ನಷ್ಟಪರಿಹಾರ ಕೇಳುವ ದಾರಿ. ಆಗ ಎದ್ದು ಬರುವ ಮೊದಲ ಪ್ರಶ್ನೆ, ‘ಈ ಬಿರುಕು ಮೊದಲೇ ಇರಲಿಲ್ಲ ಅಂತ ಹೇಗೆ ಹೇಳ್ತೀರಿ?’ ಜೆಸಿಬಿ ಬರುವ ಹಿಂದಿನ ದಿನ ಪಕ್ಕದವರನ್ನೇ ಕಾಫಿಗೆ ಕರೆದು, ಅವರೆದುರಿಗೇ ನಾಲ್ಕೂ ಗೋಡೆಗಳ ಫೋಟೋ ತೆಗೆದು, ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ.